ಮಗುವನ್ನು ಯಾವ ಕಡೆಯ ಶಾಲೆಗೆ ಹಾಕೋಣ?



ಬೇಸಿಗೆ ಬಂತೆಂದರೆ ಹೊಳಗುಂದ, ಹಾಲಹರ್ವಿ, ಕೌತಾಳ, ಕೋಸಿಗಿ ಕಡೆಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಮಗುವನ್ನು ಊರಲ್ಲೇ ಓದಿಸುವುದೋ, ಆದವಾನಿಯಲ್ಲಿ ಬಾಡಿಗೆ ಮನೆ ಹಿಡಿಯುವುದೋ, ಇಲ್ಲವೇ ಸಿರುಗುಪ್ಪದಲ್ಲೋ ಬಳ್ಳಾರಿಯಲ್ಲೋ ಇರುವ ಸೋದರಮಾವನ ಮನೆಯಲ್ಲಿ ಬಿಡುವುದೋ? ಬಸ್ಸು, ಬಾಡಿಗೆ, ಫೀಜು ಇವನ್ನೆಲ್ಲ ನಾವು ಲೆಕ್ಕ ಹಾಕುತ್ತೇವೆ. ಲೆಕ್ಕಕ್ಕೆ ಸಿಗದೆ ಉಳಿದುಬಿಡುವುದು ಮಗು ಯಾವ ರಾಜ್ಯದಲ್ಲಿ ಎಷ್ಟು ವರ್ಷ ಓದಿತು ಎಂಬುದು. ಈ ಹೊತ್ತು ಅದನ್ನೇ ಮಾತಾಡೋಣ. ಪೆನ್ಸಿಲು, ಕಾಗದ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು.

1953ರ ಅಕ್ಟೋಬರ್ 1ಕ್ಕೆ ಮುಂಚೆ ಈ ಪ್ರಶ್ನೆಯೇ ಇರಲಿಲ್ಲ. ಆದವಾನಿ, ಆಲೂರು, ರಾಯದುರ್ಗ ಮೂರೂ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಅಂದು ಆಂಧ್ರ ರಾಜ್ಯ ಹುಟ್ಟಿತು. ಆದವಾನಿ, ಆಲೂರು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಹೋದವು. ನೆಂಟಸ್ತನ ಮಾತ್ರ ಗೆರೆ ನೋಡಲಿಲ್ಲ. ಇಂದಿಗೂ ಹೆಣ್ಣು ತರುವುದು, ಕೊಡುವುದು ಎರಡೂ ಕಡೆಗೆ ನಡೆದಿದೆ. ಈ ನೆಂಟಸ್ತನ ಶಾಲೆಯ ಲೆಕ್ಕದಲ್ಲೂ ಕೆಲಸಕ್ಕೆ ಬರುತ್ತದೆ. ಹೇಗೆಂದು ಹೇಳುತ್ತೇನೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಹುಡುಗ ಏಳನೆಯ ತರಗತಿವರೆಗೆ ಹೊಳಗುಂದದಲ್ಲಿ ಓದಿದ. ಎಂಟಕ್ಕೆ ಸಿರುಗುಪ್ಪಕ್ಕೆ ಹೋದ. ಅಲ್ಲೇ ಹತ್ತು ಮುಗಿಸಿ ಪಿಯುಸಿ ಪಾಸಾದ. ಬುದ್ಧಿವಂತ, ಇಂಜಿನಿಯರಿಂಗ್ ಓದಬೇಕೆಂಬ ಆಸೆ. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಕೋಟಾದ ಸೀಟು ಕೇಳಬೇಕಾದರೆ ಒಂದರಿಂದ ದ್ವಿತೀಯ ಪಿಯುಸಿಯೊಳಗೆ ಏಳು ವರ್ಷ ಆ ರಾಜ್ಯದಲ್ಲಿ ಓದಿರಬೇಕು. ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ ಅಲ್ಲಿಯೇ ಪಾಸಾಗಿರಬೇಕು. ನಮ್ಮ ಹುಡುಗನದು ಎಣಿಸಿ ನೋಡಿ: ಎಂಟು, ಒಂಬತ್ತು, ಹತ್ತು, ಪಿಯುಸಿ ಎರಡು. ಐದೇ ಆಯಿತು. ಸರಿ, ಆಂಧ್ರಕ್ಕೆ ಬಂದು ಕೇಳೋಣವೆಂದರೆ, ಇಲ್ಲಿ ನೂರಕ್ಕೆ 85 ಸೀಟು ಸ್ಥಳೀಯರಿಗೆ. ಸ್ಥಳೀಯ ಎನಿಸಿಕೊಳ್ಳಲು ಅರ್ಹತಾ ಪರೀಕ್ಷೆಯ ವರ್ಷಕ್ಕೆ ಮುಗಿಯುವಂತೆ ಒಂದೇ ಸಮನೆ ನಾಲ್ಕು ವರ್ಷ ಇಲ್ಲಿ ಓದಿರಬೇಕು. ಅಂದರೆ ಒಂಬತ್ತು, ಹತ್ತು, ಇಂಟರ್ ಎರಡು ವರ್ಷ. ಅದೂ ತಪ್ಪಿತು. ತಂದೆ ತಾಯಿ ಇಲ್ಲೇ ಹತ್ತು ವರ್ಷ ನೆಲೆಸಿದ್ದಾರೆಂಬ ಆಧಾರದ ಮೇಲೆ ಉಳಿದ 15ರಲ್ಲಿ ಹೆಣಗಬೇಕು.

ಅದೇ ಹುಡುಗ ಆರನೆಯ ತರಗತಿಗೇ ದಾಟಿದ್ದರೆ ಏಳು ವರ್ಷ ತುಂಬುತ್ತಿತ್ತು. ದಾಟುವುದಾದರೆ ಆರಕ್ಕೆ ದಾಟಿ. ಆರಕ್ಕೆ ಆಗದಿದ್ದರೆ ಇಂಟರ್ ಮುಗಿಯುವವರೆಗೆ ಇಲ್ಲೇ ಇರಿಸಿ. ನನ್ನನ್ನು ಕೇಳಿದರೆ ನಡುವಿನ ಎಂಟು, ಒಂಬತ್ತರಲ್ಲಿ ಕಳಿಸುವುದೇ ಎಲ್ಲಕ್ಕಿಂತ ಕೆಟ್ಟದ್ದು. ಆದರೂ ಹೆಚ್ಚು ಜನ ಮಾಡುವುದು ಅದನ್ನೇ, ಏಕೆಂದರೆ ಅಷ್ಟರವರೆಗೆ ಊರ ಶಾಲೆ ಇರುತ್ತದೆ.

ಈಗ ನೆಂಟಸ್ತನಕ್ಕೆ ಬರೋಣ. ತಂದೆ ತಾಯಿಗಳಲ್ಲಿ ಒಬ್ಬರು ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ಅಲ್ಲಿ ಓದಿ ಪಾಸಾದರೆ ಅದಕ್ಕೂ ಸಿಇಟಿಯಲ್ಲಿ ದಾರಿ ಇದೆ. ತಾಯಂದಿರೇ, ನೀವು ಸಿರುಗುಪ್ಪದ ಕಡೆಯಿಂದ ಬಂದ ಸೊಸೆಯಾಗಿದ್ದರೆ ತವರಿಗೆ ಹೋದಾಗ ನೀವು ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬರೆಸಿಕೊಂಡು ಬನ್ನಿ. ಗಡಿನಾಡ ಕನ್ನಡಿಗರ ಕೋಟಾ ಇದೆಯಲ್ಲ ಎನ್ನುವವರಿದ್ದಾರೆ. ಸಿಇಟಿ ಕೈಪಿಡಿ ಅದಕ್ಕೆ ಹೆಸರಿಸುತ್ತ ಬಂದಿರುವುದು ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಮುಂತಾದ ತಾಲೂಕುಗಳನ್ನು, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳನ್ನು. ಆದವಾನಿ, ಆಲೂರು ಆ ಪಟ್ಟಿಯಲ್ಲಿಲ್ಲ. ಬಳ್ಳಾರಿ, ರಾಯಚೂರು ಜಿಲ್ಲೆಗಳವರಿಗೆ ಸಿಗುವ 371ಜೆ ಮೀಸಲಾತಿಯೂ ಅಲ್ಲಿ ಓದಿದ ಮಾತ್ರಕ್ಕೆ ಬರುವುದಿಲ್ಲ. ಅಲ್ಲಿ ಹುಟ್ಟಿರಬೇಕು, ಇಲ್ಲವೇ ಹತ್ತು ವರ್ಷ ನೆಲೆಸಿರಬೇಕು. ನಿಯಮಗಳು ತಿದ್ದುಪಡಿಯಾಗುವುದುಂಟು, ಆಯಾ ವರ್ಷದ ಕೈಪಿಡಿ ನೋಡಿಕೊಳ್ಳಿ.

ಇಲ್ಲೇ ಇರಿಸುವುದಾದರೆ ಕನ್ನಡದ ಗತಿ ಏನು? ಆಂಧ್ರದಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯಬಹುದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಪಾಠಕ್ಕೆ ಸಂವಿಧಾನದ 350ಎ ವಿಧಿ ಇದೆ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಪ್ಪಿದ ಲೆಕ್ಕವೊಂದಿದೆ: ಇಡೀ ಶಾಲೆಯಲ್ಲಿ 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಆ ಭಾಷೆಯ ಒಬ್ಬ ಶಿಕ್ಷಕರನ್ನು ಕೊಡಬೇಕು. ಶಾಲೆ ತೆರೆಯುವ ಮೂರು ತಿಂಗಳು ಮೊದಲೇ ಇಂಥ ಮಕ್ಕಳ ಹೆಸರು ಬರೆದುಕೊಳ್ಳಬೇಕೆಂಬ ಏರ್ಪಾಡನ್ನೂ ಆಮೇಲೆ ಮಾಡಿದರು. ನಮ್ಮಲ್ಲಿ ಶಾಲೆ ತೆರೆಯುವುದು ಜೂನಿನಲ್ಲಿ. ಅಂದರೆ ಮಾರ್ಚಿಯಲ್ಲೇ ಕೇಳಬೇಕು. ಹತ್ತು ಮನೆಯವರು ಒಟ್ಟಿಗೆ ಹೋಗಿ ಮಂಡಲ ವಿದ್ಯಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಬ್ಬರೇ ಹೋದರೆ ಒಂದು ಮಗು, ಹತ್ತು ಮಂದಿ ಹೋದರೆ ಒಂದು ತರಗತಿ. ಇದು ಒಪ್ಪಂದವೇ ಹೊರತು ಕೋರ್ಟಿನ ಡಿಕ್ರಿಯಲ್ಲ, ಬೆನ್ನು ಹತ್ತಿದವರಿಗೆ ಮಾತ್ರ ಸಿಗುತ್ತದೆ. ಹಲಗೆಯ ಮೇಲೆ ಕನ್ನಡ ಮಾಧ್ಯಮ ಎಂದು ಬರೆದಿದ್ದರೆ ಅಷ್ಟಕ್ಕೇ ನಂಬಬೇಡಿ. ಗಣಿತ, ವಿಜ್ಞಾನವನ್ನು ಕನ್ನಡದಲ್ಲಿ ಹೇಳುವವರು ಯಾರು ಎಂದು ಕೇಳಿ, ಒಂದು ದಿನ ತರಗತಿಯ ಬಾಗಿಲಲ್ಲಿ ನಿಂತು ನೋಡಿ.

ಹಣದ ಮಾತು. ಸಮಗ್ರ ಶಿಕ್ಷಾ ಯೋಜನೆಯ ವಾರ್ಷಿಕ ಶಾಲಾ ಅನುದಾನ ಮಕ್ಕಳ ಸಂಖ್ಯೆಯನ್ನು ನೋಡಿ ಬರುತ್ತದೆ. 30ರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 10,000 ರೂಪಾಯಿ. 31ರಿಂದ 100ರವರೆಗಾದರೆ 25,000. ಮೂವತ್ತೊಂದನೆಯ ಮಗು ಶಾಲೆ ಬಿಟ್ಟರೆ ಸುಣ್ಣ, ಸೀಮೆಸುಣ್ಣ, ನೀರು, ಶೌಚಾಲಯಗಳ ಖರ್ಚಿಗೆ 15,000 ಕಡಿಮೆ. ಇನ್ನು ಮನೆಗೆ ಬರುವ ಹಣ. 2025ರಲ್ಲಿ ಆಂಧ್ರ ಸರ್ಕಾರ ತಲ್ಲಿಕಿ ವಂದನಂ ಎಂದು ಮಗುವಿಗೆ 15,000 ಗೊತ್ತುಮಾಡಿ, ಶಾಲೆಯ ನಿರ್ವಹಣೆಗೆ 2,000 ಹಿಡಿದು 13,000ವನ್ನು ತಾಯಿಯ ಖಾತೆಗೆ ಹಾಕಿತು. ಕರ್ನಾಟಕದ ಶಾಲೆಗೆ ಹೋಗುವ ಮಗುವಿಗೆ ಇದು ಇಲ್ಲ. ಬಿಸಿಯೂಟ, ಪುಸ್ತಕ, ಸಮವಸ್ತ್ರ ಎರಡೂ ಕಡೆ ಉಚಿತ.

ಈ ಹಣಕ್ಕೆ ನೂರಕ್ಕೆ 75 ಹಾಜರಿ ಬೇಕು. ನಮ್ಮ ಪಶ್ಚಿಮ ಕರ್ನೂಲಿನಲ್ಲಿ ಕಷ್ಟವಿರುವುದು ಇಲ್ಲೇ. ಮಳೆ ಕೈಕೊಟ್ಟ ವರ್ಷ ಇಡೀ ಮನೆ ಬೀಗ ಹಾಕಿಕೊಂಡು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಸುಗ್ಗಿಗೆ ಹೋಗುತ್ತದೆ. ಮಗುವೂ ಹೋಯಿತೆಂದರೆ ಹಾಜರಿ ಹೋಯಿತು. ವಲಸೆ ಹೋಗುವವರ ಮಕ್ಕಳಿಗೆಂದು ಊರಲ್ಲೇ ಋತುಕಾಲಿಕ ಹಾಸ್ಟೆಲ್ ನಡೆಸುವ ಪದ್ಧತಿ ನಮ್ಮ ಜಿಲ್ಲೆಯಲ್ಲಿದೆ. ಹೊರಡುವ ಹಿಂದಿನ ದಿನ ಕೇಳಿದರೆ ಆಗದು. ದಸರೆ ಕಳೆಯುತ್ತಲೇ ಹೆಡ್‌ಮಾಸ್ತರರಿಗೆ ಹೆಸರು ಕೊಡಿ. ಅಜ್ಜಿ ಮನೆಯಲ್ಲಿದ್ದರೆ ಅಜ್ಜಿಯ ಬಳಿ ಬಿಟ್ಟುಹೋಗುವುದೂ ಆಗಬಹುದು.

ಕೊನೆಗೆ ಟಿ.ಸಿ. ವಿಚಾರ. ಎಂಟನೆಯ ತರಗತಿಯವರೆಗೆ ಮಗುವನ್ನು ಒಂದು ಶಾಲೆಯಿಂದ ಇನ್ನೊಂದು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ, ಬೇರೆ ರಾಜ್ಯಕ್ಕಾದರೂ ಸರಿ, ಬದಲಾಯಿಸುವ ಹಕ್ಕು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನಲ್ಲಿದೆ. ಟಿ.ಸಿ.ಯನ್ನು ಕೂಡಲೇ ಕೊಡಬೇಕು. ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಟಿ.ಸಿ. ಕೈಗೆ ಬಂದಾಗ ಮಾತೃಭಾಷೆಯ ಮನೆಯಲ್ಲಿ ಕನ್ನಡ ಎಂದು ಬರೆದಿದ್ದಾರೆಯೇ ನೋಡಿ. ತೆಲುಗು ಎಂದಿದ್ದರೆ ಅಲ್ಲೇ ನಿಂತು ತಿದ್ದಿಸಿಕೊಂಡು ಬನ್ನಿ.