ಬಟನ್ ಕೀಬೋರ್ಡ್ ಇರುವ ದಪ್ಪ ಸ್ಮಾರ್ಟ್‌ಫೋನ್: ಅಂಗಡಿ, ಮನೆ ಬಳಕೆಗೆ ಆಗುತ್ತಾ? ಕೊಳ್ಳುವ ಮುನ್ನ ಇದನ್ನು ಓದಿ

ಟಚ್ ಸ್ಕ್ರೀನ್ ಮೇಲೆ ಒಂದು ಅಕ್ಷರ ಒತ್ತಿದರೆ ಪಕ್ಕದ್ದು ಬೀಳುತ್ತೆ, ಕೈ ಒದ್ದೆ ಇದ್ದರೆ ಫೋನ್ ಮಾತೇ ಕೇಳಲ್ಲ. ತರಕಾರಿ, ಹೂವು, ಮೀನು, ಹೋಟೆಲ್ ವ್ಯಾಪಾರದವರಿಗೆ ಇದು ದಿನನಿತ್ಯದ ತಲೆನೋವು. ಹಾಗಾಗಿ 'ಬಟನ್ ಇರೋ ಸ್ಮಾರ್ಟ್‌ಫೋನ್ ಸಿಗುತ್ತಾ' ಅಂತ ಕೇಳುವವರು ಇನ್ನೂ ಇದ್ದಾರೆ. ಸಿಗುತ್ತವೆ. ಆದರೆ ಸೆಕೆಂಡ್ ಹ್ಯಾಂಡ್ ಜಾಹೀರಾತು ನೋಡಿ ಅವಸರದಲ್ಲಿ ದುಡ್ಡು ಕೊಟ್ಟರೆ, ಮನೆಗೆ ಬಂದ ಮೇಲೆ ಯುಪಿಐ ಓಡದ ಫೋನ್ ಕೈಯಲ್ಲಿ ಉಳಿಯಬಹುದು.

ಇಲ್ಲಿ ಹೇಳುತ್ತಿರುವುದು ಅಂಕಿ ಬಟನ್ನಿನ ಸಾದಾ ಸೆಟ್ ಬಗ್ಗೆ ಅಲ್ಲ. ಮೇಲೆ ಪರದೆ, ಕೆಳಗೆ ಕಂಪ್ಯೂಟರಿನಂತೆ ಇಂಗ್ಲಿಷ್ ಅಕ್ಷರಗಳ ಪೂರ್ತಿ ಕೀಬೋರ್ಡ್ ಇರುವ ಆಂಡ್ರಾಯ್ಡ್ ಫೋನ್ ಬಗ್ಗೆ. ಬ್ಲ್ಯಾಕ್‌ಬೆರಿ ಹೆಸರಿನಲ್ಲಿ ಕೀ ಒನ್ 2017ರಲ್ಲಿ, ಕೀ ಟು 2018ರಲ್ಲಿ ಭಾರತಕ್ಕೆ ಬಂದವು. ಆಗಿನ ಬೆಲೆ ಕ್ರಮವಾಗಿ 39,990 ಮತ್ತು 42,990 ರೂಪಾಯಿ. ಇನ್ನೊಂದು ಚೀನಾದ ಯುನಿಹರ್ಟ್ಜ್ ಕಂಪನಿಯ ಟೈಟನ್. ದಪ್ಪ ಅಂದರೆ ಇದೇ ದಪ್ಪ: ತೂಕ 303 ಗ್ರಾಂ, ದಪ್ಪ 16.7 ಮಿಲಿಮೀಟರ್. ಕಾಲು ಕೆ.ಜಿ. ಬೆಲ್ಲಕ್ಕಿಂತ ಜಾಸ್ತಿ ಭಾರ! ಅಂಗಿ ಜೇಬಿನಲ್ಲಿ ಇಟ್ಟು ಬಗ್ಗಿದರೆ ಜೇಬು ಜೋತು ಬೀಳುತ್ತೆ, ಫೋನೂ ಬೀಳುತ್ತೆ. ಗಲ್ಲಾ ಪಕ್ಕದಲ್ಲೇ ಇಡುವವರಿಗೆ ಅದೇನು ದೊಡ್ಡ ತೊಂದರೆ ಅಲ್ಲ.

ಆ ಭಾರಕ್ಕೆ ಕಾರಣವೂ ಇದೆ. ಒಳಗೆ 6000 ಎಂಎಎಚ್ ಬ್ಯಾಟರಿ ಇದೆ. ಐಪಿ67 ದರ್ಜೆ ಇರುವುದರಿಂದ ಒಳಗೆ ಧೂಳು ಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಡೆಯುವಂತೆ ಮಾಡಿದ್ದಾರೆ. ಹಿಟ್ಟಿನ ಗಿರಣಿ, ಸಿಮೆಂಟ್ ಅಂಗಡಿಯವರಿಗೆ ಇದು ಉಪಯೋಗದ ಮಾತೇ. ಆದರೆ ಹಳೆಯದಾದ, ಒಮ್ಮೆ ಬಿಚ್ಚಿ ರಿಪೇರಿ ಮಾಡಿದ ಫೋನಿನಲ್ಲಿ ಆ ರಕ್ಷಣೆ ಹಾಗೇ ಉಳಿದಿರುತ್ತೆ ಅಂತ ನಂಬಬೇಡಿ.

ಬಟನ್‌ಗಳ ನಿಜವಾದ ಲಾಭ ಇರುವುದು ಬೆರಳಿಗೆ. ಒತ್ತಿದ್ದು ಗೊತ್ತಾಗುತ್ತೆ, ಹಸಿ ಕೈಯಲ್ಲೂ ಕೆಲಸ ಮಾಡುತ್ತೆ, ಅಭ್ಯಾಸ ಆದ ಮೇಲೆ ಗಿರಾಕಿಯ ಮುಖ ನೋಡುತ್ತಲೇ ಟೈಪ್ ಮಾಡಬಹುದು. ಕೀ ಒನ್‌ನಲ್ಲಿ 26 ಅಕ್ಷರಗಳಿಗೂ ಒಂದು ಸಲ ಒತ್ತಿದರೆ ಒಂದು ಕೆಲಸ, ಒತ್ತಿ ಹಿಡಿದರೆ ಇನ್ನೊಂದು ಕೆಲಸ ಅಂತ ಒಟ್ಟು 52 ಶಾರ್ಟ್‌ಕಟ್ ಇಟ್ಟುಕೊಳ್ಳಬಹುದು. 'ಡಿ' ಒತ್ತಿ ಹಿಡಿದರೆ ಡಿಸ್ಟ್ರಿಬ್ಯೂಟರ್‌ಗೆ ಕರೆ, 'ಡಬ್ಲ್ಯು' ಒತ್ತಿದರೆ ವಾಟ್ಸಾಪ್ ಅನ್ನುವ ಹಾಗೆ. ಕನ್ನಡಕ ಹುಡುಕುತ್ತಾ ಕೂರುವ ಹಿರಿಯರಿಗೆ ಇಷ್ಟೇ ಸಾಕು, ಅರ್ಧ ಕಷ್ಟ ತಪ್ಪುತ್ತೆ.

ಇನ್ನು ತೊಂದರೆಗಳಿಗೆ ಬರೋಣ. ಅಂಗಡಿಯವರು ಅಕ್ಷರಕ್ಕಿಂತ ಹೆಚ್ಚು ಒತ್ತುವುದು ಅಂಕಿ. ಬ್ಲ್ಯಾಕ್‌ಬೆರಿ ಕೀಬೋರ್ಡಿನಲ್ಲಿ ಅಂಕಿಗೆ ಬೇರೆ ಸಾಲಿಲ್ಲ, ಅಕ್ಷರದ ಬಟನ್ ಮೇಲೆಯೇ ಚಿಕ್ಕದಾಗಿ ಬರೆದಿರುತ್ತೆ. ಮೆಸೇಜಿನ ನಡುವೆ '12 ಚೀಲ, 1,450 ರೂ.' ಅಂತ ಬರೆಯಲು ಆಲ್ಟ್ ಬಟನ್ ಜೊತೆ ಒತ್ತಬೇಕು. ಯುಪಿಐ ಪಿನ್ ಹಾಕುವಾಗ ಅಂಕಿಗಳು ಪರದೆ ಮೇಲೆಯೇ ಬರುತ್ತವೆ, ಆಗ ಮತ್ತೆ ಟಚ್ಚೇ ಗತಿ. ಕನ್ನಡದ ಕಥೆಯೂ ಅಷ್ಟೆ. ಬಟನ್ ಮೇಲೆ ಇರುವುದು ಇಂಗ್ಲಿಷ್ ಅಕ್ಷರ. 'ನಾಳೆ ಸರಕು ಬರುತ್ತೆ' ಅನ್ನುವುದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವವರಿಗೆ ಅಡ್ಡಿಯಿಲ್ಲ. ಕನ್ನಡ ಲಿಪಿಯೇ ಬೇಕೆಂದರೆ ಮಾತಾಡಿ ಟೈಪ್ ಮಾಡಿಸುವುದು, ಇಲ್ಲವೇ ಪರದೆಯ ಕೀಬೋರ್ಡ್ ತೆರೆಯುವುದು ಸುಲಭ. ಟೈಟನ್‌ನ ಚೌಕ ಪರದೆಯಲ್ಲಿ ಅದು ಜಾಗ ತಿಂದುಬಿಡುತ್ತೆ. ಉದ್ದ ಪರದೆಗೆಂದು ಮಾಡಿದ ಆ್ಯಪ್‌ಗಳಲ್ಲಿ ಕೆಳಗಿನ ಬಟನ್ ಕಾಣದೇ ಹೋಗುವುದೂ ಉಂಟು. ರೀಲ್ಸ್ ನೋಡುವವರು ಈ ಆಸೆ ಬಿಡುವುದೇ ವಾಸಿ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಹಳೇ ಸಾಫ್ಟ್‌ವೇರ್‌ದು. ಬ್ಲ್ಯಾಕ್‌ಬೆರಿಯ ಸ್ವಂತ ಸಾಫ್ಟ್‌ವೇರ್ ಇದ್ದ ಬೋಲ್ಡ್, ಕರ್ವ್, ಕ್ಲಾಸಿಕ್, ಪಾಸ್‌ಪೋರ್ಟ್ ಮಾದರಿಗಳಿಗೆ ಕಂಪನಿ 2022ರ ಜನವರಿ 4ರಂದು ಸೇವೆ ನಿಲ್ಲಿಸಿದೆ. ಅವುಗಳಲ್ಲಿ ಕರೆ, ಎಸ್ಸೆಮ್ಮೆಸ್ ಕೂಡ ಸರಿಯಾಗಿ ನಡೆಯುವ ಖಾತ್ರಿ ಇಲ್ಲ ಎಂದು ಕಂಪನಿಯೇ ಹೇಳಿತ್ತು. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಇವು ಬೇಡ. ಕೀ ಒನ್, ಕೀ ಟು ಎರಡೂ ಆಂಡ್ರಾಯ್ಡ್ 8ರಲ್ಲೇ ನಿಂತಿವೆ. ಅಂಥ ಫೋನಿಗೆ ಹೊಸ ಭದ್ರತಾ ಅಪ್‌ಡೇಟ್ ಬರುವುದಿಲ್ಲ. ಬ್ಯಾಂಕ್ ಆ್ಯಪ್‌ಗಳು ಹಳೆಯ ಆಂಡ್ರಾಯ್ಡನ್ನು ಒಂದೊಂದಾಗಿ ಕೈಬಿಡುತ್ತಾ ಹೋಗುತ್ತವೆ. ದಿನದ ವಹಿವಾಟಿನ ದುಡ್ಡು ಬರುವ ಖಾತೆಯನ್ನು ಅಂಥ ಫೋನಿಗೆ ಜೋಡಿಸುವುದು ಜಾಣತನ ಅಲ್ಲ. ಮಾತಾಡಲು, ಮೆಸೇಜ್ ಮಾಡಲು ಎರಡನೇ ಫೋನಾಗಿ ಇಟ್ಟುಕೊಂಡರೆ ಅದು ಬೇರೆ ವಿಷಯ. 2025ರಲ್ಲಿ ಬಂದ ಟೈಟನ್ 2ರಲ್ಲಿ ಆಂಡ್ರಾಯ್ಡ್ 15 ಮತ್ತು 5ಜಿ ಇವೆ. ಆದರೆ ವಿದೇಶದಿಂದ ತರಿಸಿಕೊಂಡರೆ ಕಸ್ಟಮ್ಸ್ ಸುಂಕ, ತೆರಿಗೆ ಸೇರುತ್ತೆ, ಬಟನ್ ಕೆಟ್ಟರೆ ತಾಲೂಕಿನ ರಿಪೇರಿ ಅಂಗಡಿಯಲ್ಲಿ ಬಿಡಿಭಾಗ ಸಿಗುವುದು ಕಷ್ಟ.

ಕೊಳ್ಳುವುದೇ ಆದರೆ ದುಡ್ಡು ಕೊಡುವ ಮೊದಲು ನಿಮ್ಮ ಸಿಮ್ ಹಾಕಿ ಕರೆ ಮಾಡಿ ನೋಡಿ. ಜಿಯೋ ಇದ್ದವರಿಗಂತೂ ಇದು ಕಡ್ಡಾಯ. ಅದರಲ್ಲಿ 2ಜಿ, 3ಜಿ ಇಲ್ಲದ ಕಾರಣ ಫೋನಿನಲ್ಲಿ ವೋಲ್ಟಿ ನಡೆಯದಿದ್ದರೆ ಇಂಟರ್‌ನೆಟ್ ಬಂದರೂ ಮಾಮೂಲಿ ಕರೆ ಹೋಗಲ್ಲ. ಯುಪಿಐ ಆ್ಯಪ್ ಇನ್‌ಸ್ಟಾಲ್ ಮಾಡಿ ಒಂದು ರೂಪಾಯಿ ಕಳಿಸಿ ನೋಡಿ. 26 ಅಕ್ಷರವನ್ನೂ ಒಂದೊಂದಾಗಿ ಒತ್ತಿ, ಸ್ಪೇಸ್, ಎಂಟರ್ ಮರೆಯಬೇಡಿ.

ಕದ್ದ ಮಾಲು ಹೌದೋ ಅಲ್ಲವೋ ಎಂದೂ ನೋಡಿಕೊಳ್ಳಬೇಕು. *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್ ಬರುತ್ತೆ. ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಸ್ಪೇಸ್, ಆಮೇಲೆ ಆ ನಂಬರ್ ಬರೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಬ್ಲಾಕ್ ಆಗಿದ್ದರೆ ಉತ್ತರದಲ್ಲಿ ತಿಳಿಯುತ್ತೆ, ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ನೋಡಬಹುದು.

ಅಂಗಡಿಯಲ್ಲಿ ಕೂತು ಬಿಲ್, ಆರ್ಡರ್ ಟೈಪ್ ಮಾಡುವುದಷ್ಟೇ ಉದ್ದೇಶವಾದರೆ ಇಷ್ಟೆಲ್ಲ ಸಾಹಸ ಯಾಕೆ? ಒಟಿಜಿ ಸೌಲಭ್ಯ ಇರುವ ಫೋನಾದರೆ ಒಂದು ಒಟಿಜಿ ಪಿನ್ ತಂದು ಕಂಪ್ಯೂಟರಿನ ಯುಎಸ್‌ಬಿ ಕೀಬೋರ್ಡನ್ನೇ ಈಗಿರುವ ಫೋನಿಗೆ ಚುಚ್ಚಿದರಾಯಿತು. ಬಲಬದಿಯಲ್ಲಿ ಅಂಕಿಗಳು ಬೇರೆಯಾಗಿ ಇರುವ ಕೀಬೋರ್ಡ್ ನೋಡಿ ತನ್ನಿ.