ಕ್ಲಚ್ ಪ್ಲೇಟ್ ಬದಲಿಸಿದರೂ ನಿಲ್ಲದ ನಡುಕ

ಬಿತ್ತನೆ ಶೇಂಗಾಕ್ಕೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ 7,500 ರೂಪಾಯಿ ನನ್ನ ಹಳೇ ಅಂಬಾಸಿಡರ್ ಕಾರು ತಿಂದುಹಾಕಿತು. ತಿಂದದ್ದು ಹೋಗಲಿ, ರೋಗವೂ ವಾಸಿಯಾಗಲಿಲ್ಲ. ಈ ಗಾಡಿ ಇಟ್ಟುಕೊಂಡಿರುವ ರೈತರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರಿಗೆ ಉಪಯೋಗ ಆದೀತೆಂದು ಬರೆಯುತ್ತಿದ್ದೇನೆ.

ನಮ್ಮದು ಚಳ್ಳಕೆರೆ ಸೀಮೆ, ಮಳೆ ನಂಬಿದ ಹೊಲ. ಕಾರು 1988ರ ಡೀಸೆಲ್ ಗಾಡಿ, ನಾಲ್ಕು ಗೇರು, ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ನಮ್ಮ ಮನೆಯಲ್ಲಿ ಮಾತ್ರ ಸಂತೆಗೂ ಅದೇ, ಆಸ್ಪತ್ರೆಗೂ ಅದೇ.

ಹೋದ ವರ್ಷ ಯುಗಾದಿ ಕಳೆದ ಮೇಲೆ ನಡುಕ ಶುರುವಾಯ್ತು. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ. ರಿವರ್ಸಿನಲ್ಲಿ ಇನ್ನೂ ಜಾಸ್ತಿ. ಹತ್ತು ಮಾರು ಹೋದ ಮೇಲೆ ಏನೂ ಇಲ್ಲ. ಪೇಟೆಯ ಗ್ಯಾರೇಜಿನಲ್ಲಿ "ಯಜಮಾನ್ರೆ, ಪ್ಲೇಟ್ ಹೋಗಿದೆ" ಅಂದ್ರು. ಗೇರ್ ಬಾಕ್ಸ್ ಇಳಿಸಿ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಎಲ್ಲಾ ಹೊಸದು ಹಾಕಿದ್ರು. ಗ್ಯಾರೇಜಿನ ಬಾಗಿಲಲ್ಲೇ ಮತ್ತೆ ಗಡಗಡ. "ಹೊಸ ಪ್ಲೇಟು, ಸೆಟ್ ಆಗ್ಬೇಕು" ಅಂದ್ರು. ತಿಂಗಳಾದರೂ ಆಗಲಿಲ್ಲ. ಮತ್ತೆ ಹೋದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚೋಣ ಅಂದ್ರು. ನಾನು ಗಾಡಿ ತಿರುಗಿಸಿಕೊಂಡು ಬಂದೆ.

ದಾರಿಯಲ್ಲಿ ಲಾರಿ ರಿಪೇರಿ ಮಾಡುವ ವಯಸ್ಸಾದ ಮೇಸ್ತ್ರಿ ಒಬ್ಬರಿದ್ದಾರೆ. ಅವರು ಪಾನಾ ಮುಟ್ಟಲಿಲ್ಲ. "ನಡುಕ ಹೊರಡುವಾಗ ಮಾತ್ರಾನೋ, ಓಡುವಾಗಲೂ ಐತೋ?" ಅಂತ ಕೇಳಿದ್ರು. ಅಲ್ಲಿಯವರೆಗೆ ಯಾರೂ ಇದನ್ನು ಕೇಳಿರಲಿಲ್ಲ.

ಅವರ ಲೆಕ್ಕ ಹೀಗೆ. ಒಂದು ಸ್ಪೀಡಿಗೆ ಬಂದಾಗ ಗಾಡಿ ನಡುಗಿ, ಬಯಲು ರಸ್ತೆಯಲ್ಲಿ ನ್ಯೂಟ್ರಲ್ ಮಾಡಿ ಉರುಳಲು ಬಿಟ್ಟರೂ ನಿಲ್ಲದಿದ್ದರೆ ಕ್ಲಚ್ಚಿನ ತಂಟೆಗೆ ಹೋಗಬಾರದು. ಶಾಫ್ಟು, ಅದರ ಕ್ರಾಸು, ಚಕ್ರ ನೋಡಬೇಕು. ಮುಂದಿನಿಂದ ರಿವರ್ಸಿಗೆ ಬದಲಿಸಿ ಹೊರಟಾಗ 'ಠಣ್' ಅಂದರೆ ಕ್ರಾಸ್ ಸವೆದಿರಬಹುದು. ಇಂಜಿನ್ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕ್ರಾಸಿನ ಎರಡೂ ಬದಿ ಹಿಡಿದು ತಿರುಚಿದರೆ ಪ್ಲೇ ಕೈಗೇ ಸಿಗುತ್ತೆ. ಹೊರಡುವಾಗ ಮಾತ್ರ ನಡುಗಿದರೆ ಪ್ಲೇಟಿಗೆ ಆಯಿಲ್ ಬಿದ್ದಿರಬೇಕು, ಇಲ್ಲಾ ಇಂಜಿನ್ ಕೂರುವ ಮೌಂಟಿಂಗ್ ರಬ್ಬರ್ ಹೋಗಿರಬೇಕು, ಇಲ್ಲಾ ಹಿಂದಿನ ಪಾಟಾದ ಯು ಬೋಲ್ಟ್ ಸಡಿಲವಾಗಿ ಹೌಸಿಂಗ್ ಹೊರಳುತ್ತಿರಬೇಕು. ಕೊನೆಯ ಎರಡನ್ನು ನೋಡಲು ಗೇರ್ ಬಾಕ್ಸ್ ಇಳಿಸಬೇಕಿಲ್ಲ. ಹಾಗಾದರೆ ಮೊದಲು ಅವನ್ನೇ ನೋಡಬೇಕಲ್ಲವೇ?

ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಎಳೆಸಿದರು. ಬಾನೆಟ್ ಎತ್ತಿ ತಾವು ಪಕ್ಕಕ್ಕೆ ನಿಂತರು, ಗಾಡಿ ಮುಂದೆ ಯಾರನ್ನೂ ನಿಲ್ಲಲು ಬಿಡಲಿಲ್ಲ. ನಾನು ಫಸ್ಟ್ ಗೇರ್ ಹಾಕಿ, ಕ್ಲಚ್ ಅಷ್ಟಷ್ಟೇ ಬಿಟ್ಟು, ಹಿಡಿತ ಸಿಕ್ಕ ಕೂಡಲೇ ಒತ್ತಿಬಿಟ್ಟೆ. ಇಂಜಿನ್ ಒಂದು ಬದಿ ಎರಡು ಬೆರಳು ಎದ್ದು ಕೂತಿತು! ಟಾರ್ಚ್ ಹಾಕಿ ನೋಡಿದರೆ ರಬ್ಬರು ಆಯಿಲ್ ಕುಡಿದು ನೆನೆದ ರೊಟ್ಟಿಯಂತಾಗಿ ಕಬ್ಬಿಣದ ಪಟ್ಟಿಯಿಂದ ಕಿತ್ತುಕೊಂಡಿತ್ತು. ಇಂಜಿನ್ನೇ ಜೋಲಿ ಹೊಡೆದರೆ ಪ್ಲೇಟು ಹಿಡಿಯೋದು, ಜಾರೋದು, ಮತ್ತೆ ಹಿಡಿಯೋದು. ನಡುಕ ಅಂದರೆ ಅದೇ.

ಸಂಪಿಗೆ ಹಲಗೆ ಕೊಟ್ಟು ಜಾಕ್ ಎತ್ತಿ ಎರಡೂ ರಬ್ಬರ್ ಬದಲಿಸಿದರು. ಮೇಲಿಂದ ಸೋರುತ್ತಿದ್ದ ಕಡೆ ಪ್ಯಾಕಿಂಗೂ ಹಾಕಿದರು, ಇಲ್ಲದಿದ್ದರೆ ಹೊಸ ರಬ್ಬರಿಗೂ ಅದೇ ಗತಿ. ರಿವರ್ಸಿನಲ್ಲಿ ಸ್ವಲ್ಪ ಉಳಿದಿತ್ತು. ಯು ಬೋಲ್ಟಿನ ನಟ್ಟು ಒಂದು ಸುತ್ತು ಬಿಗಿದ ಮೇಲೆ ಅದೂ ಹೋಯ್ತು. ಸಾಮಾನು, ಕೂಲಿ ಸೇರಿ 1,400 ರೂಪಾಯಿ.

ಗ್ಯಾರೇಜಿನಲ್ಲಿ ಬಿಚ್ಚಿದ ಹಳೇ ಪ್ಲೇಟು ಡಿಕ್ಕಿಯಲ್ಲೇ ಇತ್ತು. ಮೇಸ್ತ್ರಿಗೆ ತೋರಿಸಿದೆ. ರಿವೆಟ್ಟಿನ ಮೇಲೆ ಇನ್ನೂ ದಪ್ಪ ಇತ್ತು, ಆಯಿಲ್ ಕಲೆಯೂ ಇರಲಿಲ್ಲ. "ಇನ್ನೆರಡು ವರ್ಷ ಓಡ್ತಿತ್ತು" ಅಂದ್ರು. ಆ ಮುಂಗಾರಿನಲ್ಲಿ ಒಂದೆಕರೆಗೆ ಬೀಜ ಸಾಲದೆ ಹುರುಳಿ ಚೆಲ್ಲಿದೆ.