ಕಂಬಿಯ ಒತ್ತಾಸೆ: ರೈಲುಮಾರ್ಗದ ಒಂದು ಕಿರುಸಾಧನದ ಚರಿತ್ರೆ

ರೈಲುಮಾರ್ಗದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎಂಜಿನ್ನಿನ ಚರಿತ್ರೆಯನ್ನೇ ಬರೆದಿದ್ದಾರೆ. ಜಾರ್ಜ್ ಸ್ಟೀಫನ್‌ಸನ್ನನ ಹೆಸರನ್ನು ಕೇಳದ ವಿದ್ಯಾರ್ಥಿ ಇರಲಾರನು. ಆದರೆ ಆ ಎಂಜಿನ್ನು ಓಡಿದ ಕಂಬಿಯು ತನ್ನ ಸ್ಥಾನದಲ್ಲಿ ಹೇಗೆ ನಿಂತಿತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಕಂಬಿಯು ಪಕ್ಕಕ್ಕೆ ಸರಿಯದಂತೆಯೂ ಹೊರಕ್ಕೆ ವಾಲದಂತೆಯೂ ತಡೆಯಲು ಅದರ ಹೊರಮಗ್ಗುಲಿಗೆ ಆನಿಸಿ ಬಿಗಿಯುವ ಒಂದು ಲೋಹದ ತುಂಡಿದೆ. ಇಂಗ್ಲಿಷಿನಲ್ಲಿ ಅದಕ್ಕೆ ರೈಲ್ ಬ್ರೇಸ್ ಎಂದು ಹೆಸರು. ನಾವು ಅದನ್ನು ಕಂಬಿಯ ಒತ್ತಾಸೆ ಎಂದು ಕರೆಯಬಹುದು. ಈ ಸಾಧನವು ಯಾವ ಕೊರತೆಯನ್ನು ತುಂಬಲು ಹುಟ್ಟಿತು, ಎಲ್ಲಿ ಸೋತಿತು, ಎಲ್ಲಿ ಇಂದಿಗೂ ಉಳಿದಿದೆ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಸಾವಿರಾರು ಜನರ ಪ್ರಾಣವು ದಿನವೂ ಇಂಥ ಅಲ್ಪ ವಸ್ತುಗಳ ಮೇಲೆಯೇ ನಿಂತಿದೆಯೆಂಬುದನ್ನು ಮರೆಯಲಾಗದು.

ಮೊದಲು ಕಂಬಿಯ ಮೇಲೆ ಬೀಳುವ ಬಲಗಳನ್ನು ತಿಳಿಯಬೇಕು. ಬಂಡಿಯ ಭಾರವು ಕೆಳಮುಖವಾಗಿ ಬೀಳುತ್ತದೆ. ಇದನ್ನು ಹೊರುವುದು ಕಷ್ಟವಲ್ಲ. ಕಂಬಿಯನ್ನು ದಪ್ಪ ಮಾಡಿ, ಕೆಳಗೆ ಸ್ಲೀಪರುಗಳನ್ನು ಹತ್ತಿರ ಹತ್ತಿರ ಜೋಡಿಸಿ, ಜಲ್ಲಿಯನ್ನು ಗಟ್ಟಿಯಾಗಿ ತುಂಬಿದರೆ ಆಯಿತು. ಕಷ್ಟವಿರುವುದು ಪಾರ್ಶ್ವಬಲದಲ್ಲಿ. ಮಾರ್ಗವು ತಿರುವಿನಲ್ಲಿ ಬಾಗಿದಾಗ ಬಂಡಿಯು ನೇರವಾಗಿಯೇ ಹೋಗಬಯಸುತ್ತದೆ. ಆಗ ಗಾಲಿಯ ಒಳಬದಿಯಲ್ಲಿರುವ ಉಬ್ಬಿದ ಅಂಚು ಹೊರಗಡೆಯ ಕಂಬಿಯನ್ನು ಒತ್ತುತ್ತದೆ. ವೇಗವು ಕಡಮೆಯಾದರೂ ಈ ಒತ್ತಡವು ಪೂರ್ತಿಯಾಗಿ ಇಲ್ಲವಾಗುವುದಿಲ್ಲ. ಒಂದೇ ಚೌಕಟ್ಟಿನಲ್ಲಿ ಬಿಗಿದ ಗಾಲಿಗಳಲ್ಲಿ ಮುಂದಿನದು ಕಂಬಿಯನ್ನು ತಳ್ಳಿಕೊಂಡೇ ತಿರುಗಬೇಕು. ಈ ತಳ್ಳುವಿಕೆಯಿಂದ ಎರಡು ಬಗೆಯ ಕೇಡುಂಟು. ಕಂಬಿಯು ಇದ್ದಂತೆಯೇ ಹೊರಕ್ಕೆ ಜಾರುವುದು ಒಂದು. ಪಾದದ ಹೊರ ಅಂಚನ್ನು ಕೀಲಾಗಿ ಮಾಡಿಕೊಂಡು ತಲೆಯನ್ನು ಹೊರಕ್ಕೆ ವಾಲಿಸುವುದು ಇನ್ನೊಂದು. ಎರಡರ ಫಲವೂ ಒಂದೇ: ಎರಡು ಕಂಬಿಗಳ ನಡುವಣ ಅಂತರ, ಎಂದರೆ ಗೇಜು, ಅಗಲವಾಗಿ ಗಾಲಿಯು ಒಳಗೆ ಬೀಳುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಇಂದು ಭಾರತದ ಮುಖ್ಯ ಮಾರ್ಗಗಳಲ್ಲಿ ಹಾಸುತ್ತಿರುವ, ಮೀಟರಿಗೆ ೬೦ ಕಿಲೋಗ್ರಾಂ ತೂಗುವ ಕಂಬಿಯ ಎತ್ತರ ೧೭೨ ಮಿಲಿಮೀಟರು, ಪಾದದ ಅಗಲ ೧೫೦ ಮಿಲಿಮೀಟರು. ಯಾವ ಮೊಳೆಯೂ ಬಿಗಿತವೂ ಇಲ್ಲದೆ ಅದನ್ನು ಸುಮ್ಮನೆ ನಿಲ್ಲಿಸಿ, ಭಾರವನ್ನು ನಟ್ಟನಡುವೆ ಹೇರಿ, ತಲೆಯ ಮಟ್ಟದಲ್ಲಿ ಪಕ್ಕಕ್ಕೆ ತಳ್ಳಿದೆವೆಂದು ಭಾವಿಸೋಣ. ಪಾದದ ಅರ್ಧ ಅಗಲವಾದ ೭೫ನ್ನು ಎತ್ತರವಾದ ೧೭೨ರಿಂದ ಭಾಗಿಸಿದರೆ ಸುಮಾರು ೦.೪೪ ಬರುತ್ತದೆ. ಅಂದರೆ ಪಾರ್ಶ್ವಬಲವು ಮೇಲಿನ ಭಾರದ ಅರ್ಧದಷ್ಟಾಗುವುದಕ್ಕೆ ಮೊದಲೇ ಕಂಬಿಯು ವಾಲತೊಡಗುತ್ತದೆ. ಕಂಬಿಯು ಎತ್ತರವಾದಷ್ಟೂ ಭಾರವನ್ನು ಚೆನ್ನಾಗಿ ಹೊರುತ್ತದೆ. ಆದರೆ ಎತ್ತರವಾದಷ್ಟೂ ವಾಲುವುದೂ ಸುಲಭ. ಒಂದು ಗುಣವನ್ನು ಹೆಚ್ಚಿಸಿದರೆ ಇನ್ನೊಂದು ದೋಷವು ಹೆಚ್ಚುವ ಈ ಇಕ್ಕಟ್ಟಿನಿಂದಲೇ ನಮ್ಮ ಸಾಧನದ ಚರಿತ್ರೆಯು ಮೊದಲಾಗುತ್ತದೆ.

೧೮೩೦ರಲ್ಲಿ ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ನಡುವೆ ರೈಲುಮಾರ್ಗವು ತೆರೆದಾಗ ಗಟ್ಟಿನೆಲದ ಮೇಲೆ ಕಂಬಿಗಳನ್ನು ಬಿಡಿಬಿಡಿಯಾದ ಕಲ್ಲುಗಳ ಮೇಲೆ ಕೂರಿಸಿದ್ದರು. ಏರಿಗಳ ಮೇಲೆಯೂ ಚಾಟ್ ಮಾಸ್ ಎಂಬ ಜೌಗುನೆಲದಲ್ಲಿಯೂ ಮಾತ್ರ ಮರದ ಅಡ್ಡ ಸ್ಲೀಪರುಗಳನ್ನು ಬಳಸಿದರು. ಕಲ್ಲು ಶಾಶ್ವತ, ಮರ ತಾತ್ಕಾಲಿಕ ಎಂಬುದು ಅಂದಿನವರ ಎಣಿಕೆ. ಅನುಭವವು ಅದನ್ನು ತಿರುವುಮುರುವು ಮಾಡಿತು. ಎಡಗಡೆಯ ಕಲ್ಲಿಗೂ ಬಲಗಡೆಯ ಕಲ್ಲಿಗೂ ಸಂಬಂಧವಿಲ್ಲದ್ದರಿಂದ ಪ್ರತಿಯೊಂದು ಕಲ್ಲೂ ತನ್ನ ಇಷ್ಟದಂತೆ ಕುಸಿಯಿತು, ಸರಿಯಿತು. ಎರಡು ಕಂಬಿಗಳನ್ನೂ ಒಟ್ಟಿಗೆ ಹಿಡಿದುಕೊಂಡ ಅಡ್ಡ ಮರವೇ ಗೇಜನ್ನು ಕಾಯಿತು. ಭಾರಕ್ಕಿಂತ ಬಂಧನವು ಮುಖ್ಯವೆಂಬ ಮೊದಲ ಪಾಠವನ್ನು ರೈಲುಮಾರ್ಗವು ಕಲಿತದ್ದು ಹೀಗೆ.

ಮುಂದೆ ಇಂಗ್ಲೆಂಡು ಒಂದು ದಾರಿಯನ್ನೂ ಅಮೆರಿಕ ಮತ್ತೊಂದು ದಾರಿಯನ್ನೂ ಹಿಡಿದುವು. ಇಂಗ್ಲೆಂಡಿನಲ್ಲಿ ಜೋಸೆಫ್ ಲಾಕ್ ಎಂಬ ಎಂಜಿನಿಯರನು ಮೇಲೂ ಕೆಳಗೂ ಒಂದೇ ಬಗೆಯ ತಲೆಯುಳ್ಳ ಕಂಬಿಯನ್ನು ಪ್ರಚಾರಕ್ಕೆ ತಂದನು. ಮೇಲಿನ ತಲೆ ಸವೆದ ಮೇಲೆ ಕಂಬಿಯನ್ನು ಮಗುಚಿ ಹಾಕಬಹುದೆಂಬುದು ಆಲೋಚನೆ. ಇಂಥ ಕಂಬಿಗೆ ಅಗಲವಾದ ಪಾದವಿಲ್ಲ. ಅದು ತಾನಾಗಿ ನಿಲ್ಲಲಾರದು. ಆದುದರಿಂದ ಅದನ್ನು ಎರಡು ಬದಿಗಳಿಂದಲೂ ಅವುಚಿ ಹಿಡಿಯುವ ಎರಕದ ಕಬ್ಬಿಣದ ಪೀಠವು ಬೇಕಾಯಿತು. ಇದಕ್ಕೆ ಛೇರ್ ಎಂದು ಹೆಸರು. ಪೀಠದ ದವಡೆಗೂ ಕಂಬಿಯ ನಡುವಿಗೂ ನಡುವೆ, ಸಾಮಾನ್ಯವಾಗಿ ಹೊರಮಗ್ಗುಲಲ್ಲಿ, ಕೀ ಎಂಬ ಮರದ ಬೆಣೆಯನ್ನು ಬಡಿದು ಬಿಗಿಯುತ್ತಿದ್ದರು. ಮಗುಚಿ ಹಾಕುವ ಯೋಜನೆಯು ಕೈಗೂಡಲಿಲ್ಲ. ಪೀಠದ ಮೇಲೆ ಕುಳಿತು ಕೆಳತಲೆಯು ತಗ್ಗುಬೀಳುತ್ತಿತ್ತು. ಆದರೆ ಪೀಠವು ಉಳಿಯಿತು; ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅದರದೇ ಆಳ್ವಿಕೆ. ವಾಸ್ತವವಾಗಿ ಈ ಪೀಠವೇ ಒಂದು ಪರಿಪೂರ್ಣವಾದ ಒತ್ತಾಸೆ. ಆದುದರಿಂದ ಆ ದೇಶದಲ್ಲಿ ಬೇರೆ ಒತ್ತಾಸೆಯ ಅಗತ್ಯವು ಅಷ್ಟಾಗಿ ಕಾಣಲಿಲ್ಲ.

ಅಮೆರಿಕದ ಪರಿಸ್ಥಿತಿಯೇ ಬೇರೆ. ಅಲ್ಲಿ ಮರವು ಯಥೇಚ್ಛ, ಕಬ್ಬಿಣವು ದುಬಾರಿ, ದೂರವು ಅಪಾರ. ಮೈಲಿಗೆ ಸಾವಿರಾರು ಪೀಠಗಳನ್ನು ಎರಕ ಹೊಯ್ಯಿಸುವ ಶಕ್ತಿ ಹೊಸ ಕಂಪನಿಗಳಿಗೆ ಇರಲಿಲ್ಲ. ಕ್ಯಾಮ್‌ಡೆನ್ ಅಂಡ್ ಅಂಬಾಯ್ ರೈಲ್ವೆಯ ರಾಬರ್ಟ್ ಸ್ಟೀವನ್ಸನು ೧೮೩೦ರಲ್ಲಿ ಕಂಬಿಗಳನ್ನು ಕೊಳ್ಳಲು ಇಂಗ್ಲೆಂಡಿಗೆ ಹೊರಟಾಗ, ಪೀಠದ ಅಗತ್ಯವೇ ಇಲ್ಲದಂತೆ ಕಂಬಿಗೆ ಅಗಲವಾದ ಚಪ್ಪಟೆ ಪಾದವನ್ನು ಕೊಡುವ ರೂಪವನ್ನು ಕಲ್ಪಿಸಿದನು. ಅದನ್ನು ವೇಲ್ಸಿನ ಕಾರ್ಖಾನೆಯಲ್ಲಿ ಉರುಳಿಸಿ ತಯಾರಿಸಿದರು. ಕೊಕ್ಕೆತಲೆಯ ಮೊಳೆಯೊಂದನ್ನು ಪಾದದ ಅಂಚಿಗೆ ತಾಗಿಸಿ ಮರಕ್ಕೆ ಹೊಡೆದರೆ ಕಂಬಿಯು ಕುಳಿತಂತೆಯೇ. ಇದಕ್ಕಿಂತ ಅಗ್ಗವಾದ ಉಪಾಯವಿಲ್ಲ. ಇಂದು ಜಗತ್ತಿನ ಬಹುಭಾಗದಲ್ಲಿ ಕಾಣುವ ಕಂಬಿಯು ಈ ವಂಶದ್ದೇ.

ಆದರೆ ಅಗ್ಗದ ಉಪಾಯವು ತನ್ನ ಸಾಲವನ್ನು ತಿರುವುಗಳಲ್ಲಿ ತೀರಿಸಬೇಕಾಯಿತು. ಗಾಲಿಯು ತಲೆಯನ್ನು ಹೊರಕ್ಕೆ ತಳ್ಳಿದಾಗ ಪಾದದ ಹೊರ ಅಂಚು ಮರವನ್ನು ಜಜ್ಜಿ ತಗ್ಗುಮಾಡುತ್ತದೆ. ಒಳ ಅಂಚು ಮೇಲೆದ್ದು ಮೊಳೆಯನ್ನು ಕೂದಲೆಳೆಯಷ್ಟು ಕೀಳುತ್ತದೆ. ಪ್ರತಿ ಗಾಲಿಯೂ ಇಷ್ಟಿಷ್ಟೇ ಕಿತ್ತರೂ ದಿನಕ್ಕೆ ಹಾಯುವ ಗಾಲಿಗಳು ಸಾವಿರಾರು. ಎಂಜಿನ್ನುಗಳ ತೂಕವು ಹೆಚ್ಚಿದಂತೆ ಈ ರೋಗವೂ ಹೆಚ್ಚಿತು. ಇದಕ್ಕೆ ಚಿಕಿತ್ಸೆಯಾಗಿ ಬಂದದ್ದೇ ಒತ್ತಾಸೆ. ಇದು ಎರಕದ, ಬಡಿದ ಅಥವಾ ಅಚ್ಚೊತ್ತಿದ ಉಕ್ಕಿನ ತುಂಡು. ಇದರ ತಳವನ್ನು ಕಂಬಿಯ ಹೊರಮಗ್ಗುಲಲ್ಲಿ ಸ್ಲೀಪರಿನ ಮೇಲೆ ಕೂರಿಸಿ ಮೊಳೆ ಹೊಡೆಯುತ್ತಾರೆ. ಇದರ ಮೂತಿಯು ಕಂಬಿಯ ನಡುವಿಗೆ ಒರಗಿ ತಲೆಯ ಕೆಳಬದಿಗೆ ಆತುಕೊಳ್ಳುತ್ತದೆ. ವಾಲುವ ಗೋಡೆಗೆ ಹೊರಗಿನಿಂದ ಕೊಟ್ಟ ಊರೆಯಂತೆ ಇದರ ಕೆಲಸ. ವಾಲುವಿಕೆಯ ಕೀಲು ಈಗ ಪಾದದ ಅಂಚಿನಲ್ಲಿರದೆ ಒತ್ತಾಸೆಯ ಹೊರತುದಿಗೆ ಸರಿಯುತ್ತದೆ. ಕಂಬಿಗೆ ಇನ್ನಷ್ಟು ಅಗಲವಾದ ಪಾದವನ್ನು ಎರವಲು ಕೊಟ್ಟಂತಾಗುತ್ತದೆ.

ಇಷ್ಟಾದರೂ ಈ ಸಾಧನದಲ್ಲಿ ಒಂದು ಮೂಲದೋಷವಿತ್ತು. ಒತ್ತಾಸೆಯು ಕಂಬಿಗೆ ಆಧಾರ. ಒತ್ತಾಸೆಗೆ ಆಧಾರ ಯಾವುದು? ಅದೇ ಮರ, ಅದೇ ಮೊಳೆ. ಮರವು ಕೊಳೆತರೆ ಕಂಬಿಯ ಸಂಗಡ ಒತ್ತಾಸೆಯೂ ಸರಿಯುತ್ತದೆ. ಅಲ್ಲದೆ ಕಂಬಿಯ ಪಾದವು ಕಾಲಕ್ರಮದಲ್ಲಿ ಮರದೊಳಗೆ ಇಳಿಯುತ್ತದೆ, ಒತ್ತಾಸೆಯು ಇಳಿಯುವುದಿಲ್ಲ. ಆಗ ಕಂಬಿಯ ತಲೆಯೇ ಒತ್ತಾಸೆಯ ಮೂತಿಯನ್ನು ಅಮುಕಿ ಅದರ ಹಿಂತುದಿಯ ಮೊಳೆಗಳನ್ನು ಎಬ್ಬಿಸುತ್ತದೆ. ಹೊರಗಿನಿಂದ ನೋಡುವವನಿಗೆ ಒತ್ತಾಸೆಯು ಇದೆ. ಒತ್ತುಗೊಡುವ ಕೆಲಸ ಮಾತ್ರ ಇಲ್ಲ. ಇದನ್ನರಿತ ಎಂಜಿನಿಯರುಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಕಂಬಿಯ ಅಡಿಯಲ್ಲಿಯೇ ಅಗಲವಾದ ಲೋಹದ ತಗಡನ್ನು ಹಾಸತೊಡಗಿದರು. ತಗಡಿನ ಏಣು ಪಾದದ ಅಂಚನ್ನು ತಡೆಯುತ್ತದೆ, ತೂತುಗಳ ಮೂಲಕ ಹೊಡೆದ ಒಳಮೊಳೆಯೂ ಹೊರಮೊಳೆಯೂ ಒಟ್ಟಿಗೆ ಪಾರ್ಶ್ವಬಲವನ್ನು ಹಂಚಿಕೊಳ್ಳುತ್ತವೆ, ಮರವೂ ಜಜ್ಜಿಹೋಗುವುದಿಲ್ಲ. ಸಾಮಾನ್ಯ ತಿರುವುಗಳಲ್ಲಿ ಒತ್ತಾಸೆಯ ಕೆಲಸವನ್ನು ಕ್ರಮೇಣ ಈ ತಗಡೇ ವಹಿಸಿಕೊಂಡಿತು.

ಆದರೂ ಒಂದೆಡೆಯಲ್ಲಿ ಒತ್ತಾಸೆಯು ಸೋಲದೆ ಉಳಿದಿದೆ. ಅದು ಬಂಡಿಯು ಒಂದು ಮಾರ್ಗದಿಂದ ಇನ್ನೊಂದು ಮಾರ್ಗಕ್ಕೆ ಹೊರಳುವ ಪಾಯಿಂಟು. ಅಲ್ಲಿ ಚೂಪಾದ ನಾಲಗೆಯಂಥ ಕಂಬಿಯೊಂದು ಜಾರಿ ಬಂದು ಸ್ಥಿರವಾದ ಕಂಬಿಯ ಒಳಮಗ್ಗುಲಿಗೆ ಅಂಟಿ ನಿಲ್ಲಬೇಕು. ಆದುದರಿಂದ ಸ್ಥಿರಕಂಬಿಯ ಒಳಬದಿಯಲ್ಲಿ ಮೊಳೆಯ ತಲೆಗೆ ಎಡೆಯಿಲ್ಲ. ಇರುವ ಎಡೆಯೆಲ್ಲ ಜಾರುವ ನಾಲಗೆಗೇ ಬೇಕು. ಒಳಗಿನಿಂದ ಹಿಡಿಯಲಾಗದ ಕಂಬಿಯನ್ನು ಹೊರಗಿನಿಂದಲೇ ಹಿಡಿಯಬೇಕು. ಅಮೆರಿಕದ ಮಾರ್ಗಗಳಲ್ಲಿ ಇಲ್ಲಿ ಇಂದಿಗೂ ಒತ್ತಾಸೆಗಳ ಸಾಲನ್ನು ಕಾಣಬಹುದು. ಮೇಲೆ ಹೇಳಿದ ದೋಷವನ್ನು ನೀಗಲು ಕಂಬಿಯನ್ನೂ ಒತ್ತಾಸೆಯನ್ನೂ ಒಂದೇ ಉಕ್ಕಿನ ತಗಡಿನ ಮೇಲೆ ಕೂರಿಸುತ್ತಾರೆ. ಸವೆತದಿಂದ ಸಡಿಲವಾದಾಗ ಬಿಗಿಯಲು ಬೆಣೆಯ ಏರ್ಪಾಡೂ ಉಂಟು.

ಭಾರತದಲ್ಲಿ ಸಮಸ್ಯೆಗೆ ಇನ್ನೊಂದು ಮುಖವಿತ್ತು. ಇಲ್ಲಿನ ಗೆದ್ದಲೂ ಮಳೆಬಿಸಿಲೂ ಮರದ ಸ್ಲೀಪರನ್ನು ಬೇಗನೆ ತಿಂದುಹಾಕುತ್ತಿದ್ದುದರಿಂದ ಎರಕದ ಕಬ್ಬಿಣದ ಸ್ಲೀಪರುಗಳು ಬಹಳವಾಗಿ ಬಳಕೆಗೆ ಬಂದುವು. ಒಂದೊಂದು ಕಂಬಿಯ ಕೆಳಗೂ ಒಂದೊಂದು ಎರಕದ ತಟ್ಟೆ. ಎರಡು ತಟ್ಟೆಗಳನ್ನೂ ಬಂಧಿಸುವ ಒಂದು ಅಡ್ಡಪಟ್ಟಿ. ಕಂಬಿಯನ್ನು ತಟ್ಟೆಯ ಕಿವಿಗಳಿಗೆ ಬಿಗಿಯುವ ಉಕ್ಕಿನ ಕೀ. ಕಂಬಿಯು ನೆಟ್ಟಗೆ ನಿಲ್ಲದೆ ೨೦ಕ್ಕೆ ೧ರಂತೆ ಒಳಕ್ಕೆ ಓರೆಯಾಗಿರುವಂತೆ ತಟ್ಟೆಯನ್ನು ಎರಕ ಹೊಯ್ಯುತ್ತಿದ್ದರು. ಓರೆಯೇ ದೋಷವಲ್ಲ, ನಿಯಮ ತಪ್ಪಿದ ಓರೆಯು ದೋಷ ಎಂಬುದಕ್ಕೆ ಇದು ಸಾಕ್ಷಿ. ಈ ಕೀಗಳು ಬಂಡಿಯ ಅದುರಿಗೆ ಸಡಿಲಗೊಂಡು ಜಾರಿಬೀಳುತ್ತಿದ್ದುವು. ಅವುಗಳನ್ನು ಪ್ರತಿದಿನವೂ ನೋಡಿ ಬಡಿದು ಬಿಗಿಯಲು ನೇಮಕವಾದ ನೌಕರನಿಗೆ ಕೀಮ್ಯಾನ್ ಎಂಬ ಹೆಸರು ಬಂದಿತು.

ಇತ್ತೀಚಿನ ಘಟ್ಟವು ಸ್ಥಿತಿಸ್ಥಾಪಕ ಹಿಡಿಕೆಗಳದು. ನಾರ್ವೆಯ ಪೇರ್ ಪಾಂಡೆ ರೋಲ್ಫ್‌ಸೆನ್ ಎಂಬ ಎಂಜಿನಿಯರನು ೧೯೫೦ರ ದಶಕದಲ್ಲಿ ರೂಪಿಸಿದ ಬಾಗಿದ ಉಕ್ಕಿನ ಹಿಡಿಕೆಯು ಪ್ಯಾಂಡ್ರಾಲ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಇದೇ ಬಗೆಯ ಹಿಡಿಕೆಗಳು ಇಂದು ಭಾರತದ ಕಾಂಕ್ರೀಟು ಸ್ಲೀಪರುಗಳ ಮೇಲೆ ಸರ್ವತ್ರ ಕಾಣುತ್ತವೆ. ಇದು ಕಂಬಿಯನ್ನು ಕಲ್ಲಿನಂತೆ ತಡೆಯುವುದಿಲ್ಲ; ಕಂಬಿಯು ಎದ್ದಾಗ ತಾನೂ ಸ್ವಲ್ಪ ಎದ್ದು, ಮತ್ತೆ ಅದನ್ನು ಕೆಳಕ್ಕೆ ಒತ್ತುತ್ತದೆ. ಮಣಿಯದೆ ಎದುರಿಸಿದ ಮೊಳೆಯು ಕಿತ್ತುಬಂದಿತು; ಮಣಿದು ಮರಳುವ ಹಿಡಿಕೆಯು ನಿಂತಿತು.

ಹಾಗಾದರೆ ಸಮಸ್ಯೆಯು ಮುಗಿಯಿತೆ? ಅಮೆರಿಕದ ಕೊಲಂಬಿಯಾ ನದಿಯ ಎರಡು ದಡಗಳಲ್ಲಿ ನಡೆದ ಎರಡು ಘಟನೆಗಳು ಇಲ್ಲವೆನ್ನುತ್ತವೆ. ೨೦೦೫ರ ಏಪ್ರಿಲ್ ೩ರಂದು ವಾಷಿಂಗ್ಟನ್ ರಾಜ್ಯದ ಹೋಮ್ ವ್ಯಾಲಿಯ ಬಳಿ ಪ್ರಯಾಣಿಕರ ರೈಲೊಂದು ತಿರುವಿನಲ್ಲಿ ಹಳಿ ತಪ್ಪಿತು. ಸುಮಾರು ೩೦ ಮಂದಿಗೆ ಗಾಯವಾಯಿತು. ಕಂಬಿಯ ಅಡಿಯಲ್ಲಿ ಕಾಂಕ್ರೀಟು ಸ್ಲೀಪರು ಸವೆದು ಹೊರಗಂಬಿಯು ವಾಲಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಆ ಸ್ಥಳದಲ್ಲಿ ಬಂಡಿಯು ಕುಲುಕುತ್ತದೆಂಬ ವರದಿಗಳು ಮೊದಲೇ ಬಂದಿದ್ದು, ಅವಕ್ಕೆ ತಕ್ಕ ಕ್ರಮವನ್ನು ಕೈಗೊಂಡಿರಲಿಲ್ಲ. ಎದುರು ದಡದಲ್ಲಿ, ಆರೆಗಾನ್ ರಾಜ್ಯದ ಮೋಸಿಯರ್ ಎಂಬಲ್ಲಿ, ೨೦೧೬ರ ಜೂನ್ ೩ರಂದು ಕಚ್ಚಾ ಎಣ್ಣೆಯನ್ನು ಒಯ್ಯುತ್ತಿದ್ದ ೯೬ ವ್ಯಾಗನ್ನುಗಳ ರೈಲಿನಲ್ಲಿ ೧೬ ಹಳಿ ತಪ್ಪಿ, ಕೆಲವಕ್ಕೆ ಬೆಂಕಿ ಹತ್ತಿತು. ಅಲ್ಲಿ ತಗಡನ್ನು ಮರಕ್ಕೆ ಬಿಗಿದಿದ್ದ ತಿರುಪುಮೊಳೆಗಳು ಮುರಿದು ಗೇಜು ಅಗಲವಾಗಿತ್ತು. ತಿರುಪುಮೊಳೆಯು ಸಾಮಾನ್ಯ ಮೊಳೆಗಿಂತ ಬಿಗಿ; ಆದರೆ ಮುರಿದರೂ ಅದರ ತಲೆಯು ಸ್ವಸ್ಥಾನದಲ್ಲಿಯೇ ಕುಳಿತಿರಬಹುದು, ನೋಡುವವನ ಕಣ್ಣಿಗೆ ಬೀಳದು. ಹಳೆಯ ಕೊಕ್ಕೆಮೊಳೆಯಾದರೋ ಮೇಲೆದ್ದು ತನ್ನ ಸೋಲನ್ನು ತಾನೇ ತೋರುತ್ತದೆ. ಈ ಅವಘಡದ ಬಳಿಕ ಆ ಮಾರ್ಗದ ತಿರುವುಗಳಲ್ಲಿ ತಿರುಪುಮೊಳೆಗಳಿಗೆ ಬದಲಾಗಿ ಸಾಮಾನ್ಯ ಮೊಳೆಗಳನ್ನು ಹಾಕಲು ರೈಲ್ವೆ ಕಂಪನಿಯು ಒಪ್ಪಿತೆಂಬುದು ಚಿಂತನೀಯ.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದು ಇಷ್ಟು. ಕಂಬಿಯನ್ನು ಹಿಡಿಯುವ ಸಾಧನಗಳು ಒಂದಕ್ಕಿಂತ ಒಂದು ಬಲವಾಗುತ್ತ ಬಂದುವು. ಆದರೆ ಬಲವು ಹೆಚ್ಚಿದಾಗಲೆಲ್ಲ ಭಾರವು ಹೋಗಿ ಇನ್ನೊಂದು ಆಧಾರದ ಮೇಲೆ ಕುಳಿತಿತು: ಕಂಬಿಯಿಂದ ಮೊಳೆಗೆ, ಮೊಳೆಯಿಂದ ಒತ್ತಾಸೆಗೆ, ಒತ್ತಾಸೆಯಿಂದ ತಗಡಿಗೆ, ತಗಡಿನಿಂದ ಸ್ಲೀಪರಿಗೆ. ಈ ಸರಣಿಯ ಕೊನೆಯಲ್ಲಿ ಯಾವಾಗಲೂ ಒಬ್ಬ ಮನುಷ್ಯನಿದ್ದಾನೆ. ಸಾಧನವು ಎಷ್ಟು ಬಲಶಾಲಿ ಎಂಬುದರಷ್ಟೇ, ಅದು ಸೋತಾಗ ಆ ಮನುಷ್ಯನಿಗೆ ತಿಳಿಯುವಂತಿದೆಯೆ ಎಂಬುದೂ, ತಿಳಿದು ಅವನು ಹೇಳಿದಾಗ ಮೇಲಿನವರು ಕೇಳುವರೆ ಎಂಬುದೂ ಮುಖ್ಯ.

ನಮ್ಮ ಮುಖ್ಯ ಮಾರ್ಗಗಳಲ್ಲಿ ಬಡಿದು ಕೂರಿಸುವ ಕೀಗಳು ಈಗ ಬಹುಮಟ್ಟಿಗೆ ಮರೆಯಾಗಿವೆ. ಕೀಮ್ಯಾನ್ ಎಂಬ ಹುದ್ದೆಯು ಮರೆಯಾಗಿಲ್ಲ. ಸುತ್ತಿಗೆಯನ್ನೂ ಬಾವುಟಗಳನ್ನೂ ಹಿಡಿದು ತನ್ನ ಪಾಲಿನ ಮಾರ್ಗವನ್ನು ದಿನವೂ ನಡೆದು ನೋಡುವುದು ಇಂದಿಗೂ ಅವನ ಕರ್ತವ್ಯ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ೫೦ಕ್ಕೆ ೧ರ ಇಳಿಜಾರಿನಲ್ಲಿ ಇಳಿಯುವ ಘಟ್ಟದ ಮಾರ್ಗವಿರಲಿ, ಬಯಲುಸೀಮೆಯ ನೇರ ಮಾರ್ಗವಿರಲಿ, ಕಂಬಿಯು ತನ್ನ ಸ್ಥಾನದಲ್ಲಿದೆಯೆಂದು ಪ್ರಯಾಣಿಕನು ನಂಬಿ ಮಲಗುವುದು ಅಂಥವನ ನಡಿಗೆಯನ್ನು ನೆಚ್ಚಿ. ರೈಲುಮಾರ್ಗದ ಚರಿತ್ರೆಯನ್ನು ಪೂರ್ಣವಾಗಿ ಬರೆಯುವವರು ಎಂಜಿನ್ನಿಗೆ ಕೊಟ್ಟ ಪುಟಗಳಲ್ಲಿ ಕೆಲವನ್ನಾದರೂ ಒತ್ತಾಸೆಗೂ ಅದನ್ನು ಬಿಗಿಯುವ ಕೈಗೂ ಮೀಸಲಿಡಬೇಕಾಗಿದೆ.